ಮನೆಯಲ್ಲೇ ಪ್ಲೈವುಡ್ ಮೀನುದೋಣಿ: ಹಲಗೆ ಕೊಯ್ಯುವುದರಿಂದ ನೀರಿಗಿಳಿಸುವವರೆಗೆ

ಇಬ್ಬರು ಕೂತು ಆರಾಮಾಗಿ ಗಾಳ ಹಾಕುವಷ್ಟು ಜಾಗ, ಇಬ್ಬರೇ ಎತ್ತಿ ಗಾಡಿಯ ಮೇಲೆ ಇಡುವಷ್ಟು ಹಗುರ. ಇಂಥ ದೋಣಿಗೆ ನಾಲ್ಕು ಹಾಳೆ ಪ್ಲೈವುಡ್, ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು), ಗ್ಲಾಸ್ ಟೇಪು (ಗಾಜಿನ ನಾರಿನಿಂದ ನೇಯ್ದ ಪಟ್ಟಿ), ಒಂದಿಷ್ಟು ತಾಮ್ರದ ತಂತಿ ಸಾಕು. ಬಡಗಿಯ ಕಲೆ ಬೇಕಾಗಿಲ್ಲ. ಗೆರೆಯ ಮೇಲೆ ಜಿಗ್‌ಸಾ ಓಡಿಸಲು ಬಂದರೆ, ಅಳತೆ ಎರಡು ಸಲ ನೋಡುವ ತಾಳ್ಮೆ ಇದ್ದರೆ ಆಯ್ತು.

ನಾವು ಬಳಸುವುದು ತಂತಿ ಹೊಲಿಗೆ ಮತ್ತು ಅಂಟಿನ ಪದ್ಧತಿ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಬಟ್ಟೆ ಹೊಲಿದ ಹಾಗೆ ತಂತಿಯಿಂದ ಕಟ್ಟಿ, ಸಂದಿಗೆ ಅಂಟು ಮತ್ತು ಗ್ಲಾಸ್ ಟೇಪು ಹಾಕುವುದು. ಈ ಪದ್ಧತಿ ಮನೆಮನೆಗೆ ಹೋಗಿದ್ದು 1960ರ ದಶಕದಲ್ಲಿ, ಬ್ರಿಟನ್ನಿನ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದ. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ಆ ದೋಣಿ 70 ಸಾವಿರಕ್ಕೂ ಜಾಸ್ತಿ ತಯಾರಾಗಿದೆ. ಅದರಲ್ಲಿ ಬಹಳಷ್ಟನ್ನು ಸಾಮಾನ್ಯ ಜನ ತಮ್ಮ ಮನೆಯಲ್ಲೇ ಕಟ್ಟಿದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೋಣಿಯ ಆಕಾರ ಕೆಲವೇ ದಿನದಲ್ಲಿ ಎದ್ದು ನಿಲ್ಲುತ್ತದೆ. ಅದು ಎಷ್ಟು ವರ್ಷ ಬಾಳುತ್ತದೆ ಅನ್ನೋದು ಮಾತ್ರ ಪ್ಲೈವುಡ್ಡಿನ ಕೊಯ್ದ ಅಂಚುಗಳ ಮೇಲೆ ನಿಂತಿದೆ. ಪ್ಲೈವುಡ್ ಮೇಲ್ಮೈಯಿಂದ ನೀರು ಕುಡಿಯುವುದು ಕಡಿಮೆ, ಅಂಚಿನಿಂದ ಕುಡಿಯುವುದು ಜಾಸ್ತಿ. ಒಂದು ಸ್ಕ್ರೂ ತೂತು ಕೂಡ ಒಂದು ಅಂಚೇ. ಮುಂದಿನ ಪ್ರತಿ ಹಂತದಲ್ಲೂ ಈ ಮಾತು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎಂಥ ದೋಣಿ, ಎಂಥ ನೀರಿಗೆ

ಇದು ಚಪ್ಪಟೆ ತಳದ ದೋಣಿ. ಉದ್ದ ಮೂರೂವರೆ ಮೀಟರ್ ಆಸುಪಾಸು. ಚಪ್ಪಟೆ ತಳ ಕಟ್ಟಲು ಸುಲಭ, ಆಳವಿಲ್ಲದ ನೀರಿನಲ್ಲಿ ಹೋಗುತ್ತದೆ, ಒಳಗೆ ಓಡಾಡಿದರೂ ಥಟ್ಟನೆ ವಾಲುವುದಿಲ್ಲ. ಅಲೆ ಎದ್ದರೆ ಮಾತ್ರ ತಳ ಪಟಪಟ ಬಡಿಯುತ್ತದೆ. ಕೆರೆ, ಜಲಾಶಯ, ನಿಧಾನ ಹರಿಯುವ ಹೊಳೆ, ಹಿನ್ನೀರು, ಇಷ್ಟಕ್ಕೆ ಸರಿ. ತೆರೆದ ಸಮುದ್ರಕ್ಕೆ ಇದನ್ನು ಒಯ್ಯಬೇಡಿ.

ಎಷ್ಟು ಭಾರ ಹೊರುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ನೀರಿನ ಮೇಲೆ ಕೂರುವ ತಳದ ವಿಸ್ತಾರ ಸುಮಾರು 2 ಚದರ ಮೀಟರ್. ಅಂದರೆ ಪ್ರತಿ 20 ಕಿಲೋ ಭಾರಕ್ಕೆ ದೋಣಿ ಹೆಚ್ಚುಕಡಿಮೆ 1 ಸೆಂ.ಮೀ. ಇಳಿಯುತ್ತದೆ. ದೋಣಿ 60 ಕಿಲೋ, ಇಬ್ಬರು 150, ಸಾಮಾನು 20 ಅಂದುಕೊಳ್ಳಿ. ಒಟ್ಟು 230. ಸುಮಾರು 12 ಸೆಂ.ಮೀ. ಮುಳುಗಿ, ನೀರಿನ ಮೇಲೆ 25 ಸೆಂ.ಮೀ. ಅಂಚು ಉಳಿಯುತ್ತದೆ. ಮೂರನೆಯವರು ಹತ್ತಿದರೆ ಆ ಅಂಚು 20ರ ಹತ್ತಿರ ಬರುತ್ತದೆ. ಅಲ್ಲಿಂದ ಕೆಳಗೆ ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ. ಇಬ್ಬರೇ ಸಾಕು.

ಸಾಮಾನು

ಪ್ಲೈವುಡ್ ಮರೈನ್ ದರ್ಜೆಯದೇ ಇರಲಿ. ಬಿಎಸ್ 1088 (ಬ್ರಿಟಿಷ್ ಮಾನಕ) ಅಥವಾ ಐಎಸ್ 710 (ಭಾರತೀಯ ಮಾನಕ) ಎಂಬ ಗುರುತು ಹಾಳೆಯ ಮೇಲೆ ಇರುತ್ತದೆ. ಗುರುತಿದ್ದರೂ ಒಂದು ಪರೀಕ್ಷೆ ಮಾಡಿ. ಅಂಗೈಯಗಲದ ತುಂಡು ಕತ್ತರಿಸಿ ಕೆಲವು ಗಂಟೆ ಕುದಿಸಿ, ಪೂರ್ತಿ ಒಣಗಿಸಿ, ಮತ್ತೆ ಕುದಿಸಿ. ಪದರ ಬಿಟ್ಟುಕೊಂಡರೆ ಆ ಹಾಳೆ ದೋಣಿಗೆ ಬೇಡ. ಕತ್ತರಿಸಿದ ಅಂಚನ್ನು ದಿಟ್ಟಿಸಿ ನೋಡಿ. ಒಳಪದರಗಳ ನಡುವೆ ಟೊಳ್ಳು ಕಂಡರೆ, ಹಲಗೆ ಬಾಗಿಸುವಾಗ ಅಲ್ಲೇ ಮುರಿಯುತ್ತದೆ.

ಬೇಕಾಗುವುದು ಇಷ್ಟು:

- 8 ಅಡಿ × 4 ಅಡಿಯ 6 ಮಿ.ಮೀ. ಹಾಳೆ ಎರಡು (ಒಂದು ಹಾಳೆ ಎರಡೂ ಪಕ್ಕದ ಹಲಗೆಗಳಿಗೆ, ಇನ್ನೊಂದು ಸೀಟು ಮತ್ತು ಗಾಳಿಪೆಟ್ಟಿಗೆಗಳಿಗೆ)
- ಅದೇ ಅಳತೆಯ 9 ಮಿ.ಮೀ. ಹಾಳೆ ಎರಡು (ತಳ, ದೋಣಿಯ ಹಿಂಬದಿ ಮುಚ್ಚುವ ಹಿಂಹಲಗೆ, ನಡುವಿನಲ್ಲಿ ಅಡ್ಡ ನಿಲ್ಲುವ ನಡುಚೌಕಟ್ಟು)
- ಅಂಚುಪಟ್ಟಿಗೆ (ಪಕ್ಕದ ಹಲಗೆಯ ಮೇಲಂಚಿನುದ್ದಕ್ಕೂ ಬರುವ ಪಟ್ಟಿ) ಗಂಟಿಲ್ಲದ, ನೇರ ಎಳೆಯ ಮರ, 20 × 40 ಮಿ.ಮೀ., ನಾಲ್ಕು ಮೀಟರಿನದು ಎರಡು
- ಎಪಾಕ್ಸಿ ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಸೇರಿ 6ರಿಂದ 8 ಲೀಟರ್
- 75 ಮಿ.ಮೀ. ಅಗಲದ ನೇಯ್ದ ಗ್ಲಾಸ್ ಟೇಪು 30 ಮೀಟರ್, ತಳಕ್ಕೆ ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ 4 ಮೀಟರ್
- ನಯವಾದ ಮರದ ಹುಡಿ, ಸಿಲಿಕಾ ಪುಡಿ
- 1 ಮಿ.ಮೀ. ದಪ್ಪದ ತಾಮ್ರದ ತಂತಿ, ನೈಟ್ರೈಲ್ ಕೈಗವಸು, ಉಜ್ಜುಕಾಗದ, ಸಿಕ್ಕಷ್ಟು ಕ್ಲ್ಯಾಂಪು

ದುಡ್ಡು ಉಳಿಸಲು ಎಪಾಕ್ಸಿಯ ಬದಲು ಪಾಲಿಯೆಸ್ಟರ್ ರೆಸಿನ್ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಅದು ಮರವನ್ನು ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಕೆಲವು ವರ್ಷದಲ್ಲಿ ಎದ್ದು ಬರುತ್ತದೆ. ಹಾಗೆಯೇ ತುಂಡು ನಾರಿನ ಗ್ಲಾಸ್ ಮ್ಯಾಟ್ ಕೂಡ ಬೇಡ. ಅದರ ನಾರುಗಳನ್ನು ಹಿಡಿದಿಟ್ಟ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಗೆ ಕರಗುವುದಿಲ್ಲ. ನೇಯ್ದದ್ದನ್ನೇ ತನ್ನಿ.

ಕೆಲಸ ಮಾಡುವ ಜಾಗದ ಬಾಗಿಲು ಈಗಲೇ ಅಳೆಯಿರಿ. ದೋಣಿಯ ಅಗಲ ನಡುವಿನಲ್ಲಿ 1.2 ಮೀಟರ್ ದಾಟುತ್ತದೆ. ಮಗ್ಗುಲಾಗಿ ತಿರುಗಿಸಿ ಹೊರತೆಗೆಯಬಹುದು, ಆದರೆ ತಿರುಗಿಸಲು ಜಾಗ ಬೇಕಲ್ವಾ?

ಮೊದಲು ರಟ್ಟಿನ ದೋಣಿ

ಕೆಳಗಿನ ಅಳತೆಗಳನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ, ರಟ್ಟಿನಲ್ಲಿ ಕತ್ತರಿಸಿ, ಟೇಪು ಹಚ್ಚಿ ಒಂದು ಮಾದರಿ ಮಾಡಿ. ಒಂದು ಸಂಜೆಯ ಕೆಲಸ. ಪ್ಲೈವುಡ್ಡಿನಂತೆ ರಟ್ಟೂ ಒಂದೇ ದಿಕ್ಕಿಗೆ ಬಾಗುತ್ತದೆ. ಹಾಗಾಗಿ ದೊಡ್ಡದರಲ್ಲಿ ಏನಾಗುತ್ತದೋ ಚಿಕ್ಕದರಲ್ಲೂ ಅದೇ ಆಗುತ್ತದೆ. ಮೂತಿ ಇನ್ನಷ್ಟು ಎತ್ತರ ಬೇಕು, ಹಿಂಬದಿ ಇನ್ನಷ್ಟು ಅಗಲ ಬೇಕು ಅನ್ನಿಸಿದರೆ ಇಲ್ಲೇ ಬದಲಿಸಿ.

ಪಕ್ಕದ ಹಲಗೆ (ಇಲ್ಲಿಂದ ಅಳತೆ ಎಲ್ಲ ಮಿ.ಮೀ.ನಲ್ಲಿ): 400 ಮಿ.ಮೀ. ಅಗಲದ ನೇರ ಪಟ್ಟಿ. ಮೇಲಂಚಿನ ಉದ್ದ 3600. ಮೂತಿಯ ತುದಿಯನ್ನು ಓರೆಯಾಗಿ ಕೊಯ್ಯಿರಿ, ಕೆಳಗಿನ ಮೂಲೆ ಮೇಲಿನದಕ್ಕಿಂತ 120 ಒಳಗೆ ಬರಲಿ. ಹಿಂದಿನ ತುದಿಯಲ್ಲಿ ಅದೇ ರೀತಿ 85 ಒಳಗೆ.

ಹಿಂಹಲಗೆ: ಕೆಳಗೆ 700, ಮೇಲೆ 950, ಎತ್ತರ 380.

ನಡುಚೌಕಟ್ಟು: ಕೆಳಗೆ 900, ಮೇಲೆ 1200, ಎತ್ತರ 370. ಇದರ ಜಾಗ ಮೂತಿಯಿಂದ ಮೇಲಂಚಿನ ಮೇಲೆ 1950ರಲ್ಲಿ.

ಪಕ್ಕದ ಹಲಗೆ ಪೂರ್ತಿ ನೇರವಾಗಿದೆ ನೋಡಿ, ಒಂದು ವಕ್ರಗೆರೆಯೂ ಇಲ್ಲ. ಹೊರಗೆ ವಾಲಿಸಿ ಬಾಗಿಸಿದಾಗ ಅದರ ನಡುಭಾಗ ಕೆಳಗಿಳಿದು ತುದಿಗಳು ಮೇಲೇಳುತ್ತವೆ. ದೋಣಿಗೆ ಬೇಕಾದ ತಳದ ಬಾಗು, ಎದ್ದ ಮೂತಿ ಎರಡೂ ಹೀಗೆ ಪುಕ್ಕಟೆಯಾಗಿ ಸಿಗುತ್ತವೆ. ರಟ್ಟಿನಲ್ಲಿ ಇದನ್ನು ಕೈಯಾರೆ ಮಾಡಿ ನೋಡಿದಾಗಲೇ ಪೂರ್ತಿ ಅರ್ಥವಾಗುವುದು. ಅದಕ್ಕೇ ಈ ಹಂತ ಬಿಡಬೇಡಿ ಅನ್ನೋದು.

ಕೊಯ್ಯುವುದು, ಉದ್ದ ಕೂಡಿಸುವುದು

6 ಮಿ.ಮೀ. ಹಾಳೆಯನ್ನು ಉದ್ದಕ್ಕೆ 400ರ ಮೂರು ಪಟ್ಟಿಯಾಗಿ ಸೀಳಿ. ಒಂದು ಪಟ್ಟಿಯನ್ನು ನಡುವೆ ತುಂಡು ಮಾಡಿ. ಈಗ ಎರಡು ಉದ್ದ, ಎರಡು ಗಿಡ್ಡ. ಒಂದು ಉದ್ದ, ಒಂದು ಗಿಡ್ಡ ಸೇರಿ ಒಂದು ಪಕ್ಕ. ಒಂದೇ ಹಾಳೆಯಲ್ಲಿ ಎರಡೂ ಪಕ್ಕ ಮುಗಿಯಿತು.

ಕೂಡಿಸಲು ಇಳಿಜಾರು ಜೋಡಣೆ ಮಾಡಿ, ಅಂದರೆ ಎರಡೂ ತುದಿಗಳನ್ನು ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಿ ಅಂಟಿಸುವುದು. ಇಳಿಜಾರು ದಪ್ಪದ ಎಂಟು ಪಟ್ಟು ಇರಬೇಕು, ಅಂದರೆ 6 ಮಿ.ಮೀ.ಗೆ 48. ನಾಲ್ಕೂ ತುಂಡುಗಳನ್ನು ಮೆಟ್ಟಿಲಿನಂತೆ ಒಂದರ ಹಿಂದೊಂದು 48 ಮಿ.ಮೀ. ಸರಿಸಿ ಅಡುಕಿ, ಕ್ಲ್ಯಾಂಪು ಬಿಗಿದು, ಹರಿತ ಕೀಸುಳಿಯಿಂದ ಎಲ್ಲವನ್ನೂ ಒಟ್ಟಿಗೆ ಕೀಸಿ. ಪ್ಲೈವುಡ್ಡಿನ ಪದರಗಳೇ ನಿಮಗೆ ದಾರಿ ತೋರಿಸುತ್ತವೆ. ಕೀಸುತ್ತಾ ಹೋದಂತೆ ಅಂಟಿನ ಗೆರೆಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಆ ಪಟ್ಟೆಗಳು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿದ್ದರೆ ಇಳಿಜಾರು ಸಮವಾಗಿದೆ. ಎಲ್ಲಾದರೂ ಅಂಕುಡೊಂಕಾದರೆ ಅಲ್ಲಿ ಗುಳಿಯೋ ದಿಬ್ಬವೋ ಇದೆ.

ಅಂಟಿಸುವ ಮೊದಲು ಇಳಿಜಾರಿಗೆ ಬರೀ ಎಪಾಕ್ಸಿ ಸವರಿ, ಕುಡಿಯಲು ಬಿಡಿ. ಆಮೇಲೆ ಸಿಲಿಕಾ ಬೆರೆಸಿದ ಗಟ್ಟಿ ಎಪಾಕ್ಸಿ ಹಚ್ಚಿ ಜೋಡಿಸಿ. ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ದೋಣಿ ಮೇಜಿಗೇ ಅಂಟಿಕೊಳ್ಳುತ್ತದೆ. ಕ್ಲ್ಯಾಂಪು ಹದವಾಗಿ ಸಾಕು. ಜಾಸ್ತಿ ಹಿಂಡಿದರೆ ಅಂಟೆಲ್ಲ ಹೊರಬಂದು ಜೋಡಣೆ ಒಣಗಿಹೋಗುತ್ತದೆ. ಗಿಡ್ಡ ತುಂಡು ಹಿಂಬದಿಗೆ ಬರಲಿ, ಅಲ್ಲಿ ಬಾಗು ಕಡಿಮೆ.

ಒಣಗಿದ ಮೇಲೆ ಎರಡು ಪಕ್ಕಗಳನ್ನು ಒಂದರ ಮೇಲೊಂದಿಟ್ಟು, ತುದಿಯ ಓರೆಗಳನ್ನು ಒಟ್ಟಿಗೆ ಕೊಯ್ಯಿರಿ. ಎರಡೂ ಒಂದೇ ಅಚ್ಚಿನಂತಿರಬೇಕು. ಒಂದು 5 ಮಿ.ಮೀ. ಗಿಡ್ಡವಾದರೂ ದೋಣಿ ಸೊಟ್ಟಗಾಗುತ್ತದೆ, ಆಮೇಲೆ ಹುಟ್ಟು ಹಾಕುವಾಗ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ.

ಹಿಂಹಲಗೆಗೆ 9 ಮಿ.ಮೀ.ನ ಎರಡು ತುಂಡು ಅಂಟಿಸಿ 18 ಮಾಡಿ. ಮೋಟಾರ್ ಹಾಕುವ ಯೋಚನೆ ಇದ್ದರೆ ನಡುವಿನಲ್ಲಿ ಒಳಗಡೆ ಇನ್ನೂ 18 ಮಿ.ಮೀ. ದಪ್ಪದ ಗಟ್ಟಿಮರದ ಹಲಗೆ ಸೇರಿಸಿ.

ಹೊಲಿಗೆ

ಅಂಚಿನಿಂದ 10 ಮಿ.ಮೀ. ಒಳಗೆ, 15 ಸೆಂ.ಮೀ.ಗೊಂದರಂತೆ ಸಣ್ಣ ತೂತು ಕೊರೆಯಿರಿ. ಮೊದಲು ಎರಡು ಪಕ್ಕಗಳನ್ನು ಮೂತಿಯಲ್ಲಿ ಕಟ್ಟಿ, ಪುಸ್ತಕದ ಹಾಗೆ ತೆರೆದು, ನಡುಚೌಕಟ್ಟು ಒಳಗಿಡಿ. ಆಮೇಲೆ ಹಿಂಬದಿಯನ್ನು ಹಗ್ಗ ಸುತ್ತಿ ನಿಧಾನಕ್ಕೆ ಹತ್ತಿರ ಎಳೆದು ಹಿಂಹಲಗೆಗೆ ಕಟ್ಟಿ. ಇದಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು. ತಂತಿಯನ್ನು ಹೊರಗಡೆಯಿಂದ ತಿರುಚಿ, ಸುಮ್ನೆ ಹಿಡಿದುಕೊಳ್ಳುವಷ್ಟು ಮಾತ್ರ. ಬಿಗಿ ಆಮೇಲೆ.

ಈಗ ದೋಣಿ ತಲೆಕೆಳಗಾಗಿ ಎರಡು ಸ್ಟ್ಯಾಂಡಿನ ಮೇಲೆ. ಪಕ್ಕದ ಹಲಗೆಯ ಕೆಳಅಂಚು ಓರೆಯಾಗಿರುತ್ತದೆ. ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಅದು ಎರಡೂ ಅಂಚಿನ ಮೇಲೆ ಪೂರ್ತಿ ಕೂರುವ ತನಕ ಕೀಸುಳಿ ಆಡಿಸಿ. ತಳದ 9 ಮಿ.ಮೀ. ಹಾಳೆಯನ್ನು ಮೊದಲೇ ಇಳಿಜಾರು ಜೋಡಣೆಯಿಂದ ಉದ್ದ ಮಾಡಿಟ್ಟುಕೊಂಡಿರಿ (ಇದಕ್ಕೆ 72 ಮಿ.ಮೀ.). ಅದನ್ನು ಮೇಲಿಟ್ಟು, ತೂಕ ಹೇರಿ ಬಾಗಿಸಿ, ಒಳಗಿನಿಂದ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯಿಂದ 15 ಮಿ.ಮೀ. ಹೊರಗೆ ಕೊಯ್ದು, ಕಟ್ಟಿ, ಹೆಚ್ಚಿನದನ್ನು ಕೊನೆಗೆ ಸವೆಸಿ. ತಳಕ್ಕೆ ಅಳತೆ ಪಟ್ಟಿಯೇ ಕೊಡದಿದ್ದುದು ಇದಕ್ಕೇ. ನಿಮ್ಮ ದೋಣಿಯ ತಳ ನಿಮ್ಮ ದೋಣಿಯ ಮೇಲೇ ಬರೆಯಬೇಕು.

ಅಂಟು ಹಾಕುವ ಮುಂಚೆ ನಿಂತು ನೋಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆ ಇದು. ಮೂತಿಯಿಂದ ಹಿಂಹಲಗೆಯ ನಟ್ಟನಡುವಿಗೆ ನೂಲು ಎಳೆಯಿರಿ, ಅದು ನಡುಚೌಕಟ್ಟಿನ ನಡುಗೆರೆಯ ಮೇಲೇ ಹಾಯಬೇಕು. ಮೂತಿಯ ತುದಿಯಿಂದ ಹಿಂದಿನ ಎರಡೂ ಮೂಲೆಗೆ ಅಳೆಯಿರಿ, ಎರಡೂ ಸಮ ಇರಬೇಕು. ಆಮೇಲೆ ನಡುಚೌಕಟ್ಟಿನ ಮೇಲೊಂದು, ಹಿಂಹಲಗೆಯ ಮೇಲೊಂದು ನೇರ ಪಟ್ಟಿ ಅಡ್ಡ ಇಟ್ಟು, ಹಿಂದೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ. ಎರಡು ಪಟ್ಟಿಗಳೂ ಒಂದಕ್ಕೊಂದು ಸಮಾನಾಂತರ ಕಂಡರೆ ದೋಣಿ ತಿರುಚಿಕೊಂಡಿಲ್ಲ. ಈಗ ತಪ್ಪಿದ್ದರೆ ತಂತಿ ಸಡಿಲಿಸಿ ಸರಿಮಾಡಬಹುದು. ಅಂಟು ಬಿದ್ದ ಮೇಲೆ ಗರಗಸ ಒಂದೇ ದಾರಿ.

ಅಂಟು

ರೆಸಿನ್ ಮತ್ತು ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಏನಿದೆಯೋ ಅದೇ. ಕೆಲವಕ್ಕೆ 2:1, ಕೆಲವಕ್ಕೆ 5:1. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಳತೆ ಗಾತ್ರದ ಲೆಕ್ಕದಲ್ಲೋ ತೂಕದ ಲೆಕ್ಕದಲ್ಲೋ ಅನ್ನೋದನ್ನೂ ಓದಿ, ಎರಡೂ ಒಂದೇ ಅಲ್ಲ. ಲೋಟದ ಗೋಡೆ, ತಳ ಕೆರೆಯುತ್ತಾ ಎರಡು ನಿಮಿಷ ಕಲಕಿ. ಒಮ್ಮೆಗೆ 200 ಮಿ.ಲೀ. ಮೀರಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಆಳದ ಲೋಟದಲ್ಲಿ ಆ ಬಿಸಿಗೆ ಹೋಗಲು ದಾರಿಯಿಲ್ಲದೆ, ಇನ್ನೂ ಬಿಸಿಯಾಗಿ, ಹೊಗೆ ಬಂದು ಕಲ್ಲಾಗುತ್ತದೆ. ಕಲಸಿದ ಕೂಡಲೇ ಅಗಲದ ತಟ್ಟೆಗೆ ಸುರಿದುಕೊಂಡರೆ ಸಮಯ ಸಿಗುತ್ತದೆ.

ದೋಣಿ ನೆಟ್ಟಗೆ ತಿರುಗಿಸಿ. ತಂತಿಗಳ ನಡುನಡುವೆ ಮರದ ಹುಡಿ, ಸಿಲಿಕಾ ಬೆರೆಸಿದ ಎಪಾಕ್ಸಿಯ ಸಣ್ಣ ಮುದ್ದೆಗಳನ್ನು ಒತ್ತಿ ಒಂದು ರಾತ್ರಿ ಬಿಡಿ. ಮರುದಿನ ತಂತಿಗಳನ್ನು ಕತ್ತರಿಸಿ ಎಳೆದುಬಿಡಿ. ಬರದಿದ್ದರೆ ತಂತಿಯನ್ನು ಸ್ವಲ್ಪ ಬಿಸಿ ಮಾಡಿ, ಸುತ್ತಲಿನ ಅಂಟು ಮೆತ್ತಗಾಗಿ ಜಾರಿ ಬರುತ್ತದೆ.

ಈಗ ಸಂದಿಯ ಉದ್ದಕ್ಕೂ ಎಪಾಕ್ಸಿಯ ಗಾರೆ. ಎಪಾಕ್ಸಿಗೆ, ಕಡ್ಡಿಯಲ್ಲಿ ಎತ್ತಿದರೆ ಜಾರದೆ ನಿಲ್ಲುವಷ್ಟು ಹುಡಿ ಬೆರೆಸಿ. ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಹಿಂಡುತ್ತಾ ಸಂದಿಗೆ ಬಿಡಿ. 20 ಮಿ.ಮೀ. ತ್ರಿಜ್ಯದ ದುಂಡು ತುದಿಯ ಹಲಗೆ ತುಂಡಿನಿಂದ ಒಂದೇ ಎಳೆತಕ್ಕೆ ನಯಗೊಳಿಸಿ. ಗಾರೆ ಇನ್ನೂ ಮೆತ್ತಗಿರುವಾಗಲೇ ಮೇಲೆ ಗ್ಲಾಸ್ ಟೇಪು ಹಾಸಿ, ಬ್ರಷ್ಷಿನಿಂದ ಎಪಾಕ್ಸಿ ಕುಡಿಸಿ. ಬಿಳಿ ಟೇಪು ಪಾರದರ್ಶಕವಾಗಿ ಕೆಳಗಿನ ಮರ ಕಾಣಬೇಕು. ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ. ಒಣಗಿದ ಗಾರೆಯ ಮೇಲೆ ಟೇಪು ಹಾಕಲು ಹೋದರೆ ಮತ್ತೆ ಉಜ್ಜಬೇಕು, ಕೆಲಸ ದುಪ್ಪಟ್ಟು.

ಹೊರಗಡೆ ಅಂಚುಗಳನ್ನು 6 ಮಿ.ಮೀ. ದುಂಡಗೆ ಮಾಡಿ, ಏಕೆಂದರೆ ಗ್ಲಾಸ್ ಬಟ್ಟೆ ಚೂಪು ಮೂಲೆಯಲ್ಲಿ ಕೂರುವುದಿಲ್ಲ. ಮೂತಿ, ಹಿಂಬದಿಯ ಸಂದಿಗಳಿಗೆ ಟೇಪು. ತಳಕ್ಕೆ ಪೂರ್ತಿ ಬಟ್ಟೆ, ಪಕ್ಕಗಳ ಮೇಲೆ 5 ಸೆಂ.ಮೀ. ಮಡಚಿ ಬರಲಿ. ಮೇಲೆ ಇನ್ನೆರಡು ಪದರ ಬರೀ ಎಪಾಕ್ಸಿ. ಈ ಪದರಗಳನ್ನು ಸಂಜೆ, ಬಿಸಿಲು ಇಳಿಯುವಾಗ ಹಾಕಿ. ಬೆಳಗ್ಗೆ ಹಾಕಿದರೆ ಮರ ಬಿಸಿಯಾಗುತ್ತಾ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಸಂಜೆ ಮರ ತಣ್ಣಗಾಗುತ್ತಾ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ.

ಮೈಗೂ ಗಮನ ಕೊಡಿ. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹಿಡಿಯಬಹುದು. ಒಮ್ಮೆ ಹಿಡಿದರೆ ಮತ್ತೆ ಆ ಡಬ್ಬಿ ಮುಟ್ಟುವ ಹಾಗಿಲ್ಲ. ಕೈಗವಸು ಯಾವಾಗಲೂ, ಉಜ್ಜುವಾಗ ಮಾಸ್ಕ್. ಒಣಗಿದ ಮೇಲೆ ಜಿಡ್ಡು ಜಿಡ್ಡಾದ ಪದರ ಮೇಲೆ ಬಂದಿದ್ದರೆ ಮೊದಲು ನೀರು ಹಾಕಿ ಉಜ್ಜಿ ತೊಳೆಯಿರಿ, ಆಮೇಲೆ ಉಜ್ಜುಕಾಗದ.

ಒಳಗಿನ ಕೆಲಸ

ಅಂಚುಪಟ್ಟಿ ಹಾಕಿದ ಕೂಡಲೇ ಅಲ್ಲಾಡುತ್ತಿದ್ದ ದೋಣಿ ಗಟ್ಟಿಯಾಗುತ್ತದೆ. ಪಟ್ಟಿಯನ್ನು ಮೂತಿಯಿಂದ ಶುರುಮಾಡಿ ಹಿಂದಕ್ಕೆ ಬಾಗಿಸುತ್ತಾ, 15 ಸೆಂ.ಮೀ.ಗೊಂದು ಕ್ಲ್ಯಾಂಪು. ಬಾಗದಿದ್ದರೆ ಎರಡು ತೆಳು ಪಟ್ಟಿ ಒಂದರ ಮೇಲೊಂದು ಅಂಟಿಸಿ.

ಮೂತಿಯಿಂದ 60 ಸೆಂ.ಮೀ. ಹಿಂದೆ ಅಡ್ಡಗೋಡೆ ಹಾಕಿ ಮುಚ್ಚಿದರೆ ಸುಮಾರು 50 ಲೀಟರಿನ ಗಾಳಿಪೆಟ್ಟಿಗೆ. ಹಿಂದಿನ ಸೀಟಿನ ಕೆಳಗೆ ಅಷ್ಟೇ ಇನ್ನೊಂದು. ಪ್ರತಿ ಲೀಟರ್ ಸುಮಾರು ಒಂದು ಕಿಲೋ ಎತ್ತುತ್ತದೆ. ದೋಣಿ ನೀರು ತುಂಬಿದರೂ ತೇಲಲು, ನೀವಿಬ್ಬರು ಹಿಡಿದುಕೊಂಡು ಕಾಯಲು ಇದು ಬೇಕು. ಇದನ್ನು ಸಾಮಾನಿಡುವ ಜಾಗ ಮಾಡುವ ಆಸೆ ಬೇಡ. ಪ್ರತಿ ಪೆಟ್ಟಿಗೆಗೂ ತಿರುಪಿನ ದುಂಡು ಮುಚ್ಚಳ ಇರಲಿ. ಮುಚ್ಚುವ ಮುಂಚೆ ಒಳಗೆ ಮೂರು ಪದರ ಎಪಾಕ್ಸಿ ಹಾಕಿ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ನಡುಚೌಕಟ್ಟಿನ ನಡುಭಾಗವನ್ನು ಕೊಯ್ದು ತೆಗೆದು, ಕೆಳಗೆ, ಪಕ್ಕಕ್ಕೆ 8 ಸೆಂ.ಮೀ. ಅಗಲ ಉಳಿಸಿ. ಹುಟ್ಟು ಹಾಕುವವರ ಸೀಟು ಚೌಕಟ್ಟಿಗೆ ಆನಿಸಿ ಬರಲಿ, ದೋಣಿಯ ಅಂಚಿಗಿಂತ 20 ಸೆಂ.ಮೀ. ಕೆಳಗೆ. ಹುಟ್ಟಿನ ಕೊಂಡಿ ಸೀಟಿನ ಹಿಂದಿನ ಅಂಚಿನಿಂದ ದೋಣಿಯ ಹಿಂಬದಿಯ ಕಡೆಗೆ 30 ಸೆಂ.ಮೀ. ದೂರದಲ್ಲಿ. ಆದರೂ ಪಕ್ಕಾ ಮಾಡುವ ಮುಂಚೆ ಕೂತು, ಕೈಚಾಚಿ, ನಿಮ್ಮ ತೋಳಿಗೆ ಸರಿಮಾಡಿಕೊಳ್ಳಿ.

ತಳದ ಹೊರಗೆ, ಹಿಂಭಾಗದ ನಡುಗೆರೆಯಲ್ಲಿ ಒಂದು ಸಣ್ಣ ರೆಕ್ಕೆ ಹಲಗೆ ಅಂಟಿಸಿ. ಇಲ್ಲದಿದ್ದರೆ ಚಪ್ಪಟೆ ದೋಣಿ ಗಾಳಿ ಬಂದ ಕಡೆಗೆಲ್ಲ ತಿರುಗುತ್ತದೆ.

ಯಾವ ಸ್ಕ್ರೂ ಹಾಕುವಾಗಲೂ ಹೀಗೆ ಮಾಡಿ: ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆಯಿರಿ. ಆಗ ನೀರು ಸ್ಕ್ರೂ ಜೊತೆ ಬಂದರೂ ಮರ ಮುಟ್ಟುವುದಿಲ್ಲ. ಸ್ಕ್ರೂ, ಬೋಲ್ಟು ಸ್ಟೇನ್‌ಲೆಸ್ ಇರಲಿ.

ಬಣ್ಣ ಅಂದಕ್ಕಷ್ಟೇ ಇರುವುದಲ್ಲ, ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತಾ ಹೋಗುತ್ತದೆ. ಎಪಾಕ್ಸಿ ಚೆನ್ನಾಗಿ ಗಟ್ಟಿಯಾದ ಮೇಲೆ ಉಜ್ಜಿ, ಅದಕ್ಕೆ ಹೊಂದುವ ಪ್ರೈಮರ್, ಆಮೇಲೆ ಎರಡು ಕೈ ಬಣ್ಣ. ತಿಳಿಬಣ್ಣವೇ ಒಳ್ಳೆಯದು. ಕಡುಬಣ್ಣ ಬಿಸಿಲಿನಲ್ಲಿ ಕಾದು ಎಪಾಕ್ಸಿ ಮೆತ್ತಗಾಗುತ್ತದೆ, ಬರಿಗಾಲಿಗೂ ಸುಡುತ್ತದೆ.

ನೀರಿಗಿಳಿಸುವುದು

ದೋಣಿಗೆ ನೋಂದಣಿ ಬೇಕಾ, ಮೀನು ಹಿಡಿಯಲು ಪರವಾನಗಿ ಬೇಕಾ ಅನ್ನೋದು ಜಾಗದಿಂದ ಜಾಗಕ್ಕೆ ಬೇರೆ. ಮೊದಲೇ ವಿಚಾರಿಸಿ.

ಮೊದಲ ದಿನ ಗಾಳ ಒಯ್ಯಬೇಡಿ. ಗಾಳಿಯಿಲ್ಲದ ಹೊತ್ತಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು ಕೂತು ನೋಡಿ. ಒಬ್ಬೊಬ್ಬರಾಗಿ ಹತ್ತಿ, ಒಂದು ಪಕ್ಕಕ್ಕೆ ವಾಲಿ, ಎಷ್ಟರ ತನಕ ತಡೆಯುತ್ತದೆ ತಿಳಿದುಕೊಳ್ಳಿ. ಆಮೇಲೆ ದೋಣಿಗೆ ಬೇಕಂತಲೇ ನೀರು ತುಂಬಿಸಿ. ಅದು ಮಟ್ಟವಾಗಿ ತೇಲಬೇಕು. ಒಂದು ತುದಿ ಮುಳುಗಿದರೆ ಆ ಕಡೆಯ ಪೆಟ್ಟಿಗೆ ಸೋರುತ್ತಿದೆ, ಇಲ್ಲವೇ ಸಾಲದು. ಮೋಟಾರ್ ಹಾಕುವುದಾದರೆ ಗಿಡ್ಡ ಶಾಫ್ಟಿನ, 2.5 ಎಚ್‌ಪಿ ಒಳಗಿನದು ಸಾಕು. ಅದಕ್ಕೆ ಹಿಂಹಲಗೆ 38 ಸೆಂ.ಮೀ. ಎತ್ತರ ಇರಬೇಕು, ನಮ್ಮದು ಅಷ್ಟೇ ಇದೆ. ಒಬ್ಬರೇ ಹೋಗುವಾಗ ಹಿಂದೆ ಮೋಟಾರಿನ ಜೊತೆ ನೀವೂ ಕೂತರೆ ಮೂತಿ ಎದ್ದುಬಿಡುತ್ತದೆ, ಮುಂದೆ ಸ್ವಲ್ಪ ಭಾರ ಇಡಿ.

ಮನೆಗೆ ತಂದ ಮೇಲೆ ಪೆಟ್ಟಿಗೆಗಳ ಮುಚ್ಚಳ ತೆಗೆದು, ದೋಣಿ ಬೋರಲು ಹಾಕಿ, ನೆಲದಿಂದ ಒಂದಡಿ ಮೇಲೆ, ಕೆಳಗೆ ಗಾಳಿ ಆಡುವಂತೆ ಇಡಿ. ದೋಣಿಯನ್ನು ಕೊಳೆಸುವುದು ಹೆಚ್ಚಾಗಿ ಒಳಗೆ ನಿಂತ ಮಳೆನೀರು. ಉಪ್ಪುನೀರು ಶಿಲೀಂಧ್ರ ಬೆಳೆಯಲು ಅಷ್ಟು ಬಿಡುವುದಿಲ್ಲ, ಸಿಹಿನೀರು ಬಿಡುತ್ತದೆ. ಪ್ರತಿ ಸಲ ಎತ್ತಿಟ್ಟಾಗ ತಳ, ಅಂಚುಗಳ ಮೇಲೆ ಕೈಯಾಡಿಸಿ. ಕಲ್ಲು ತಾಗಿ ಮರ ಕಾಣುವಷ್ಟು ಗೀರು ಬಿದ್ದಿದ್ದರೆ, ಪೂರ್ತಿ ಒಣಗಲು ಬಿಟ್ಟು, ಉಜ್ಜಿ, ಎಪಾಕ್ಸಿ ತುಂಬಿ, ಬಣ್ಣ ಹಚ್ಚಿ. ಅಲ್ಲಿಯವರೆಗೆ ನೀರಿಗಿಳಿಸಬೇಡಿ.